ಮಬ್ಬುಗಟ್ಟಿದ ಹೆಡ್‌ಲೈಟ್ ಮನೆಯಲ್ಲೇ ಸರಿಮಾಡುವುದು: ಉಜ್ಜುವ ಮೊದಲೇ ಲೇಪ ಯಾವುದೆಂದು ತೀರ್ಮಾನಿಸಿ

ರಾತ್ರಿ ಹೆದ್ದಾರಿಯಲ್ಲಿ ರಸ್ತೆ ಸರಿಯಾಗಿ ಕಾಣುತ್ತಿಲ್ಲ ಅನ್ನಿಸಿದಾಗ ಹೆಚ್ಚಿನವರು ಮೊದಲು ಕೈಹಾಕುವುದು ಬಲ್ಬಿಗೆ. 60/55 ವ್ಯಾಟಿನ ಎಚ್4 ಬಲ್ಬ್ ತೆಗೆಸಿ 100/90 ಹಾಕಿಸುತ್ತಾರೆ, ಇಲ್ಲವೇ ಎಲ್‌ಇಡಿ ತಂದು ಕೂರಿಸುತ್ತಾರೆ. ಬೆಳಕು ಹೆಚ್ಚುವುದೇನೋ ನಿಜ, ಆದರೆ ರಸ್ತೆಯ ಮೇಲಲ್ಲ. ಮಬ್ಬಾದ ಲೆನ್ಸಿನೊಳಗೆ, ಅಂದರೆ ದೀಪದ ಮುಂದಿನ ಪಾರದರ್ಶಕ ಮುಚ್ಚಳದೊಳಗೆ, ಚದುರಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಹೆಚ್ಚು ವ್ಯಾಟಿನ ಬಲ್ಬಿನ ಕಾವಿಗೆ ಒಳಗಿನ ರಿಫ್ಲೆಕ್ಟರ್ ಕಂದುಗಟ್ಟುತ್ತದೆ, ವೈರಿಂಗ್ ಬಿಸಿಯಾಗುತ್ತದೆ, ಲೆನ್ಸಿನ ಆಯಸ್ಸೂ ಕಡಿಮೆಯಾಗುತ್ತದೆ. ಅಮೆರಿಕದ ವಾಹನ ಸವಾರರ ಸಂಘವಾದ ಎಎಎ 2018ರಲ್ಲಿ ಅಳೆದು ನೋಡಿದಾಗ, ಹಳದಿಗಟ್ಟಿದ ದೀಪಗಳು ಹೊಸ ದೀಪದ ಸುಮಾರು ಶೇ. 20ರಷ್ಟು ಬೆಳಕನ್ನು ಮಾತ್ರ ಹೊರಗೆ ಬಿಡುತ್ತಿದ್ದವು. ಉಜ್ಜಿ ಸರಿಪಡಿಸಿದ ಮೇಲೆ ಅದು ಸುಮಾರು ಶೇ. 70ಕ್ಕೆ ಏರಿತು. ಹೊಸ ಬಲ್ಬಿಗಿಂತ ನಾಲ್ಕು ಹಾಳೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹೆಚ್ಚು ಕೆಲಸ ಮಾಡುತ್ತದೆ ಎಂದಾಯಿತು.

ಎರಡು ದೀಪಕ್ಕೆ ಮೂರು ಗಂಟೆ ಬೇಕು. ಕಷ್ಟದ ಕೆಲಸವಲ್ಲ, ಆದರೆ ಅವಸರದ ಕೆಲಸವೂ ಅಲ್ಲ. ಉಜ್ಜಿ ಹೊಳಪು ತರುವುದು ಅರ್ಧ ಕೆಲಸ ಅಷ್ಟೇ; ಆ ಹೊಳಪು ಎರಡು ತಿಂಗಳು ನಿಲ್ಲುತ್ತದೋ ಎರಡು ವರ್ಷ ನಿಲ್ಲುತ್ತದೋ ಎಂಬುದು ಕೊನೆಯಲ್ಲಿ ಹಚ್ಚುವ ಲೇಪದ ಮೇಲೆ ನಿಂತಿದೆ. ಯಾವ ನಂಬರಿನ ಪೇಪರಿಗೆ ನಿಲ್ಲಿಸಬೇಕು ಎಂಬುದನ್ನೂ ಆ ಲೇಪವೇ ನಿರ್ಧರಿಸುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲೇ ಲೇಪದ ವಿಷಯ ಇತ್ಯರ್ಥವಾಗಿರಲಿ.

ಹಾಳಾಗಿರುವುದು ಏನು?

ಅಂಗಡಿಯಲ್ಲಿ ಎಲ್ಲರೂ ‘ಹೆಡ್‌ಲೈಟ್ ಗ್ಲಾಸ್’ ಅಂತಲೇ ಕೇಳುತ್ತಾರೆ, ಆದರೆ ಅದು ಗಾಜಲ್ಲ. ಅಂಬಾಸಡರ್, ಪದ್ಮಿನಿ ಕಾಲದ ದುಂಡು ದೀಪಗಳು ನಿಜವಾದ ಗಾಜಿನವು; ಕಲ್ಲು ಬಿದ್ದರೆ ಒಡೆಯುತ್ತಿದ್ದವೇ ಹೊರತು ಹಳದಿಯಾಗುತ್ತಿರಲಿಲ್ಲ. ಈಗಿನವು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಸುತ್ತಿಗೆ ಏಟಿಗೂ ಸುಲಭವಾಗಿ ಒಡೆಯದಷ್ಟು ಗಟ್ಟಿ, ಆದರೆ ಮೇಲ್ಮೈ ಮಾತ್ರ ಮೆದು. ಬೇಗ ಗೀರು ಬೀಳುತ್ತದೆ, ಬಿಸಿಲಿನ ನೇರಳಾತೀತ (ಯುವಿ) ಕಿರಣ ತಾಗಿದರೆ ಹಳದಿಗೆ ತಿರುಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೆ ತಲೆಕೂದಲಿಗಿಂತಲೂ ತೆಳುವಾದ, ಗಟ್ಟಿಯಾದ ಪಾರದರ್ಶಕ ಪದರವೊಂದನ್ನು ಹಚ್ಚಿ ಒಣಗಿಸಿರುತ್ತಾರೆ.

ಮೊದಲು ಸಾಯುವುದು ಈ ಪದರವೇ. ಬಿಸಿಲು, ದೂಳು, ಒಣ ಬಟ್ಟೆಯಲ್ಲಿ ಒರೆಸುವ ಅಭ್ಯಾಸ, ಮುಂದಿನ ಲಾರಿಯಿಂದ ಸಿಡಿಯುವ ಮರಳು, ಇವೆಲ್ಲ ಸೇರಿ ಅದು ಅಲ್ಲಲ್ಲಿ ಬಿರಿಯುತ್ತದೆ, ಸುಲಿಯುತ್ತದೆ. ಸುಲಿದ ಜಾಗದಲ್ಲಿ ಬಯಲಾದ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಉಳಿದ ಪದರ ಬೆಳ್ಳಗೆ ಹೊಪ್ಪಳೆಯಂತೆ ಕಾಣುತ್ತದೆ. ಬಾನೆಟ್ ಎತ್ತಿ ಲೆನ್ಸನ್ನು ಮೇಲಿನಿಂದ ನೋಡಿ. ಆಕಾಶಕ್ಕೆ ಮುಖ ಮಾಡಿದ ಮೇಲಿನ ಭಾಗ ಎಲ್ಲಕ್ಕಿಂತ ಹೆಚ್ಚು ಕೆಟ್ಟಿರುತ್ತದೆ, ಬಂಪರಿಗೆ ಹತ್ತಿರದ ಕೆಳಭಾಗ ಬಹುಮಟ್ಟಿಗೆ ಚೆನ್ನಾಗಿರುತ್ತದೆ, ಬಾನೆಟ್ ಅಡಿ ಅವಿತಿರುವ ಅಂಚಂತೂ ಹೊಸದರಂತೆ ಇರುತ್ತದೆ. ಬಿಸಿಲೇ ಕಳ್ಳ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ದೀಪ ಚೆನ್ನಾಗಿದ್ದು ಇನ್ನೊಂದು ಹಾಳಾಗಿದ್ದರೆ, ಕಾರನ್ನು ದಿನವೂ ಯಾವ ದಿಕ್ಕಿಗೆ ನಿಲ್ಲಿಸುತ್ತೀರಿ ಎಂದು ಯೋಚಿಸಿ.

ಒಂದು ಲೋಟ ನೀರಿನ ಪರೀಕ್ಷೆ

ದುಡ್ಡು ಹಾಕುವ ಮೊದಲು ತೊಳೆದ ಲೆನ್ಸಿನ ಮೇಲೆ ಒಂದು ಲೋಟ ನೀರು ಸುರಿಯಿರಿ. ನೀರು ಹರಿಯುತ್ತಿರುವಷ್ಟು ಹೊತ್ತು ಲೆನ್ಸ್ ತಿಳಿಯಾಗಿ ಒಳಗಿನ ಬಲ್ಬು ಸ್ಪಷ್ಟವಾಗಿ ಕಂಡು, ಒಣಗುತ್ತಿದ್ದಂತೆ ಮತ್ತೆ ಮಬ್ಬಾದರೆ ಒಳ್ಳೆಯ ಸುದ್ದಿ. ಮೇಲ್ಮೈಯ ಸಣ್ಣ ತರಿಗಳನ್ನು ನೀರು ತುಂಬಿದ್ದರಿಂದ ತಿಳಿಯಾಯಿತು, ಅಂದರೆ ತೊಂದರೆ ಹೊರಗಡೆಯೇ ಇದೆ. ನೀರು ಬಿದ್ದರೂ ಮಬ್ಬು ಹೋಗದಿದ್ದರೆ ಮೂರು ಸಾಧ್ಯತೆ.

ಒಳಗೆ ಹನಿ ಅಥವಾ ಮಂಜು ಕಾಣುತ್ತಿದ್ದರೆ ಹಿಂಬದಿಯ ರಬ್ಬರ್ ಮುಚ್ಚಳ ಸರಿಯಾಗಿ ಕೂತಿಲ್ಲ, ಗಾಳಿ ಕಿಂಡಿ ಕಟ್ಟಿದೆ, ಅಥವಾ ಲೆನ್ಸ್ ಅಂಟಿಸಿದ ಸೀಲ್ ಬಿಟ್ಟಿದೆ. ಮಳೆಗಾಲದಲ್ಲಿ ತೊಳೆದ ಕೂಡಲೇ ತೆಳು ಮಂಜು ಬಂದು ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಹೋದರೆ ಚಿಂತೆಯಿಲ್ಲ. ನೀರು ತಳದಲ್ಲಿ ನಿಂತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಲೆನ್ಸಿನ ದಪ್ಪದೊಳಗೆ ಜೇಡರ ಬಲೆಯಂಥ ಸಣ್ಣ ಬಿರುಕುಗಳಿದ್ದರೆ ಅವು ಎಷ್ಟು ಆಳಕ್ಕಿವೆಯೆಂದು ಹೇಳಲಾಗದು. ಉಜ್ಜಿದರೆ ಕಡಿಮೆಯಾದೀತು, ಪೂರ್ತಿ ಹೋಗುವ ನಂಬಿಕೆ ಬೇಡ. ಮೂರನೆಯದು, ಒಳಗಿನ ರಿಫ್ಲೆಕ್ಟರಿನ ಬೆಳ್ಳಿ ಹೊಳಪೇ ಕಿತ್ತುಹೋಗಿ ಬೂದಿ ಬಣ್ಣವಾಗಿರುವುದು. ಇದಕ್ಕೆ ಯಾವ ಪೇಪರೂ ಯಾವ ಪಾಲಿಶೂ ಮದ್ದಲ್ಲ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಗೆ, ಬೇರೆ ಊರಲ್ಲಾದರೆ ಅಲ್ಲಿನ ಬಿಡಿಭಾಗದ ಅಂಗಡಿಗೆ ಹೋಗಿ ಇಡೀ ಅಸೆಂಬ್ಲಿ ಬದಲಾಯಿಸುವುದೇ ದಾರಿ.

ಗೀರುಗಳಿಗೆ ಉಗುರಿನ ಪರೀಕ್ಷೆ. ಗೀರಿಗೆ ಅಡ್ಡವಾಗಿ ಉಗುರೆಳೆಯಿರಿ. ಸಿಕ್ಕಿಕೊಳ್ಳದಿದ್ದರೆ ಮಾಮೂಲಿ ಉಜ್ಜುವಿಕೆಯಲ್ಲಿ ಹೋಗುತ್ತದೆ. ಸಿಕ್ಕಿಕೊಂಡರೆ ಪಿ600 ಪೇಪರಿನಿಂದ (ನಂಬರು ಹೆಚ್ಚಿದಷ್ಟೂ ಪೇಪರು ನುಣುಪು) ಶುರುಮಾಡಬೇಕು, ಅದೂ ಆ ಗೀರಿನ ಮೇಲಷ್ಟೇ ಅಲ್ಲ, ಸುತ್ತ ಅಂಗೈಯಗಲ ಜಾಗಕ್ಕೆ. ಒಂದೇ ಕಡೆ ಉಜ್ಜಿ ತಗ್ಗು ಮಾಡಿದರೆ ಆ ತಗ್ಗೇ ಇನ್ನೊಂದು ಲೆನ್ಸಾಗಿ ಬೆಳಕನ್ನು ಅಡ್ಡಾದಿಡ್ಡಿ ತಿರುಗಿಸುತ್ತದೆ. ಕಲ್ಲು ಬಿದ್ದ ಸಣ್ಣ ಗುಳಿಗಳನ್ನು ಹಾಗೇ ಬಿಡುವುದು ಜಾಣತನ.

ಲೇಪಗಳಲ್ಲಿ ಯಾವುದು?

ಉಜ್ಜಿದಾಗ ಕಾರ್ಖಾನೆಯ ಪದರ ಪೂರ್ತಿ ಹೋಗುತ್ತದೆ. ಬರಿ ಪ್ಲಾಸ್ಟಿಕ್ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ರಸ್ತೆ ಬದಿಯಲ್ಲಿ ಅರ್ಧ ಗಂಟೆಯಲ್ಲಿ ‘ಹೊಸದು’ ಮಾಡಿಕೊಡುವವರ ಕೆಲಸ ಉಳಿಯದಿರುವುದು ಇದರಿಂದಲೇ.

ಕಾರಿನ ವ್ಯಾಕ್ಸ್ ಅಥವಾ ಸೀಲೆಂಟ್ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಲ್ಪಾಯು. ತಿಂಗಳಿಗೊಮ್ಮೆ, ಹೆಚ್ಚೆಂದರೆ ಎರಡು ತಿಂಗಳಿಗೊಮ್ಮೆ ಹಚ್ಚುತ್ತಲೇ ಇರಬೇಕು. ಮಾರಲಿರುವ ಕಾರಿಗೆ ಸಾಕು.

ಒರೆಸಿ ಹಚ್ಚುವ ಯುವಿ ಕೋಟಿಂಗ್ ಹೆಡ್‌ಲೈಟ್ ಕಿಟ್‌ಗಳಲ್ಲಿ ಸಣ್ಣ ಬಾಟಲಿಯಲ್ಲೋ ಒದ್ದೆ ಒರಸು ಹಾಳೆಯಾಗಿಯೋ ಬರುತ್ತದೆ. ಗಾಳಿಯ ತೇವದಿಂದಲೇ ಗಟ್ಟಿಯಾಗುವ ಜಾತಿಯವು ಹೆಚ್ಚು. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಇದೇ ಸರಿ. ಬಯಲಲ್ಲಿ ನಿಲ್ಲುವ ಕಾರಿಗೆ ಒಂದು ವರ್ಷ, ನೆರಳಲ್ಲಿ ನಿಲ್ಲುವುದಕ್ಕೆ ಎರಡು ವರ್ಷ ಬಾಳುತ್ತದೆ.

2ಕೆ ಕ್ಲಿಯರ್ ಎಂದರೆ ಕಾರಿನ ಬಣ್ಣದ ಮೇಲೆ ಹೊಡೆಯುವ, ಹಾರ್ಡನರ್ ಬೆರೆಸಿದ ವಾರ್ನಿಷ್. ಬಾಳಿಕೆಯಲ್ಲಿ ಇದೇ ಗಟ್ಟಿ, ಮೂರು ವರ್ಷ ದಾಟುವುದುಂಟು. ಆದರೆ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಸ್ಪ್ರೇ ಮಂಜು ಉಸಿರಿಗೆ ಹೋದರೆ ದಮ್ಮು ಅಂಟಿಕೊಳ್ಳುವ ಅಪಾಯವಿದೆ. ಎನ್95 ಮಾಸ್ಕ್ ದೂಳು ತಡೆಯುತ್ತದೆ, ಈ ಆವಿಯನ್ನಲ್ಲ. ಮನೆಯ ಪಾರ್ಕಿಂಗಿನಲ್ಲಿ ಇದನ್ನು ಹೊಡೆಯಬೇಡಿ. ಅದಕ್ಕಿಂತ ಒಳ್ಳೆಯ ಉಪಾಯವೊಂದಿದೆ: ಉಜ್ಜುವ ಕೆಲಸ ನೀವೇ ಮುಗಿಸಿ, ಟಿಂಕರಿಂಗ್-ಪೇಂಟಿಂಗ್ ಶಾಪಿಗೆ ಹೋಗಿ, ಅವರು ಬೇರೆ ಕಾರಿಗೆ ಕ್ಲಿಯರ್ ಹೊಡೆಯುವಾಗ ನಿಮ್ಮ ದೀಪಕ್ಕೂ ಎರಡು ಕೋಟ್ ಹೊಡೆಸಿ. ಎರಡು ದೀಪಕ್ಕೆ ಬೇಕಾಗುವುದು ಒಂದು ಸಣ್ಣ ಲೋಟದಷ್ಟು ಮಾತ್ರ.

ಪಿಪಿಎಫ್ ಎಂದರೆ ದಪ್ಪನೆಯ, ಸ್ವಲ್ಪ ಹಿಗ್ಗುವ ಪಾರದರ್ಶಕ ಫಿಲ್ಮ್. ಬಿಸಿಲು, ಕಲ್ಲಿನೇಟು ಎರಡನ್ನೂ ತಾನೇ ತಿನ್ನುತ್ತದೆ, ಹಾಳಾದರೆ ಸುಲಿದು ಹೊಸದು ಹಾಕಬಹುದು. ಚಪ್ಪಟೆ ಲೆನ್ಸಿಗೆ ಮನೆಯಲ್ಲೇ ಹಾಕಬಹುದು. ಫೆಂಡರಿನವರೆಗೂ ಬಾಗಿಕೊಂಡು ಹೋಗುವ ಲೆನ್ಸಿಗೆ ಕೈ ಪಳಗಿದವರೇ ಆಗಬೇಕು. ಕಪ್ಪು, ಹಳದಿ ಛಾಯೆಯ ಫಿಲ್ಮ್ ಮಾತ್ರ ಬೇಡ. ಬೆಳಕಿಗಾಗಿ ಇಷ್ಟೆಲ್ಲ ಉಜ್ಜಿ ಮತ್ತೆ ಬೆಳಕಿಗೆ ಪರದೆ ಕಟ್ಟಿದಂತಾಗುತ್ತದೆ.

ಬಣ್ಣದಂಗಡಿಯಲ್ಲಿ ಸಿಗುವ ಮಾಮೂಲಿ ‘ಕ್ಲಿಯರ್ ಲ್ಯಾಕರ್’ ಸ್ಪ್ರೇ ಡಬ್ಬಿ ಈ ಪಟ್ಟಿಯಲ್ಲಿಲ್ಲ, ಬೇಕೆಂದೇ ಬಿಟ್ಟದ್ದು. ಹಾರ್ಡನರ್ ಇಲ್ಲದ, ಯುವಿ ತಡೆಯದ ಆ ಪದರ ತಾನೇ ಹಳದಿಯಾಗಿ ಸಿಪ್ಪೆಯೇಳುತ್ತದೆ. ಅದನ್ನು ತೆಗೆಯುವುದು ಮೊದಲ ಮಬ್ಬು ತೆಗೆಯುವುದಕ್ಕಿಂತ ದೊಡ್ಡ ಗೋಳು.

ಎಲ್ಲಿಗೆ ನಿಲ್ಲಿಸಬೇಕು ಎಂಬ ಲೆಕ್ಕ ಹೀಗಿದೆ. 2ಕೆ ಕ್ಲಿಯರಿಗೆ ಹಿಡಿತಕ್ಕೆ ತರಿ ಬೇಕು, ಆದ್ದರಿಂದ ಪಿ1000 ಅಥವಾ ಪಿ1500ಕ್ಕೆ ನಿಲ್ಲಿಸಿ, ಪಾಲಿಶ್ ಮಾಡಲೇಬೇಡಿ. ಕ್ಲಿಯರ್ ಹರಿದು ಆ ತರಿಗಳನ್ನು ತುಂಬಿಕೊಳ್ಳುತ್ತದೆ. ಒರೆಸಿ ಹಚ್ಚುವ ಕೋಟಿಂಗ್ ತೀರಾ ತೆಳು, ದೊಡ್ಡ ಗೀರು ತುಂಬುವ ಶಕ್ತಿ ಅದಕ್ಕಿಲ್ಲ, ಪಿ3000ದವರೆಗೆ ಹೋಗಬೇಕು. ವ್ಯಾಕ್ಸ್ ಅಥವಾ ಪಿಪಿಎಫ್ ಆದರೆ ಪಿ3000 ಮುಗಿದ ಮೇಲೆ ಪಾಲಿಶ್ ಕೂಡ.

ಸಾಮಾನು

ವಾಟರ್ ಪೇಪರ್ ಹಾರ್ಡ್‌ವೇರ್ ಅಂಗಡಿಗಿಂತ ಕಾರ್ ಪೇಂಟ್ ಮಾರುವ ಅಂಗಡಿಯಲ್ಲಿ ಕೇಳಿ. ಮರಕ್ಕೆ ಬಳಸುವ ಉಪ್ಪುಕಾಗದ ನೀರಿಗೆ ಬಿದ್ದರೆ ಕರಗಿ ಹೋಗುತ್ತದೆ. ಪಿ800, ಪಿ1000, ಪಿ1500, ಪಿ2000 ತಲಾ ಒಂದು ಹಾಳೆ, ಪಿ3000ದ್ದು ಹಾಳೆ ಅಥವಾ ಸ್ಪಂಜಿನ ಬೆನ್ನಿರುವ ಡಿಸ್ಕ್ ಒಂದು. ಒಂದು ಹಾಳೆಯನ್ನು ಆರು ತುಂಡು ಮಾಡಿದರೆ ದೀಪಕ್ಕೆ ಮೂರರಂತೆ ಬರುತ್ತದೆ. ತುಂಡಿನ ಹಿಂದೆ ನಂಬರು ಉಳಿಯದಿದ್ದರೆ ಪೆನ್ನಿನಲ್ಲಿ ಬರೆದುಕೊಳ್ಳಿ. ಒದ್ದೆಯಾದ ಮೇಲೆ ಪಿ1500 ಯಾವುದು, ಪಿ2000 ಯಾವುದು ಎಂದು ಬೆರಳಿಗೆ ಗೊತ್ತಾಗುವುದಿಲ್ಲ.

ಒಂದಿಂಚು ಅಗಲದ ಮಾಸ್ಕಿಂಗ್ ಟೇಪ್ ಒಂದು ಸುರುಳಿ, ನೀರು ಚಿಮ್ಮಿಸುವ ಬಾಟಲಿ, ಎರಡು ಬಕೆಟ್, ಕಾರ್ ಶಾಂಪೂ, ಐದಾರು ಮೈಕ್ರೋಫೈಬರ್ ಬಟ್ಟೆ, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಕೈಗವಸು. ಪಾಲಿಶ್ ಮಾಡುವುದಿದ್ದರೆ 100 ಗ್ರಾಂ ರಬ್ಬಿಂಗ್ ಕಾಂಪೌಂಡ್. ಪೇಪರಿನ ಹಿಂದೆ ಹಿಡಿಯಲು ಪಾತ್ರೆ ತೊಳೆಯುವ ಸ್ಪಂಜಿನ ಮೆದು ಭಾಗ ಸಾಕು. ಬೆರಳ ತುದಿಯಲ್ಲಿ ಒತ್ತಿ ಉಜ್ಜಿದರೆ ಬೆರಳಗಲದ ಓಣಿಗಳು ಬೀಳುತ್ತವೆ, ರಾತ್ರಿ ದೀಪ ಹಚ್ಚಿದಾಗಲೇ ಅವು ಕಾಣುವುದು.

ಹೊತ್ತು ಮತ್ತು ಜಾಗ

ಬೆಳಿಗ್ಗೆ ಏಳರಿಂದ ಹತ್ತು, ನೆರಳಿನಲ್ಲಿ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಲ್ಲಿ ಕೋಟಿಂಗ್ ಹರಡುವ ಮೊದಲೇ ಒಣಗಿ ಗೆರೆ ಗೆರೆಯಾಗುತ್ತದೆ. ಕರಾವಳಿಯ ಜುಲೈನಲ್ಲಿ ಇನ್ನೊಂದು ತಾಪತ್ರಯ: ಗಾಳಿಯ ತೇವ ಜಾಸ್ತಿಯಾಗಿ 2ಕೆ ಕ್ಲಿಯರಿನಲ್ಲಿ ಗುಳ್ಳೆಯೇಳಬಹುದು. ಒರೆಸಿ ಹಚ್ಚುವ ಕೋಟಿಂಗಿಗೆ ಒಂದಿಷ್ಟು ತೇವ ಇದ್ದರೆ ಅಡ್ಡಿಯಿಲ್ಲ, ಆದರೆ ಮೊದಲ 24 ಗಂಟೆ ಮಳೆಹನಿ ಬೀಳಕೂಡದು. ಮಲೆನಾಡು-ಕರಾವಳಿಯವರು ಈ ಕೆಲಸವನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡುವುದೇ ಲೇಸು.

ಬೋರ್‌ವೆಲ್ ನೀರಾದರೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಒಂದೇ ಒಂದು ಮರಳಿನ ಕಣ ಪಿ2000 ಪೇಪರಿನಡಿ ಸೇರಿದರೆ ಸಾಕು, ಪಿ1000ಕ್ಕೆ ಹಿಂದಿರುಗಬೇಕಾಗುತ್ತದೆ.

ತೊಳೆದು ಟೇಪ್ ಹಚ್ಚುವುದು

ದೀಪ ಆರಿಸಿ, ಲೆನ್ಸ್ ತಣ್ಣಗಾಗಿರಲಿ. ಶಾಂಪೂ ನೀರಲ್ಲಿ ಲೆನ್ಸನ್ನೂ ಸುತ್ತಲಿನ ಬಂಪರ್, ಬಾನೆಟ್ ಅಂಚನ್ನೂ ತೊಳೆಯಿರಿ. ಡಾಂಬರಿನ ಚುಕ್ಕೆಯಿದ್ದರೆ ಪೆಟ್ರೋಲ್ ಅಥವಾ ಥಿನ್ನರ್ ಹಾಕಬೇಡಿ, ಪಾಲಿಕಾರ್ಬೊನೇಟಿಗೆ ಎರಡೂ ವಿಷ. ಉಜ್ಜುವಾಗ ಅದು ತಾನಾಗೇ ಹೋಗುತ್ತದೆ.

ಬಾನೆಟ್ ಎತ್ತಿಯೇ ಟೇಪ್ ಹಚ್ಚಿ, ಇಲ್ಲದಿದ್ದರೆ ಲೆನ್ಸಿನ ಮೇಲಂಚು ಸಿಗುವುದಿಲ್ಲ. ಬಂಪರ್, ಫೆಂಡರ್ ಅಂಚುಗಳಿಗೆ ಎರಡು ಪದರ ಟೇಪ್. ಒಂದು ಪದರವನ್ನು ಪಿ800 ಪೇಪರು ಒಂದೇ ಏಟಿಗೆ ಕೊರೆದು ಬಣ್ಣ ಮುಟ್ಟುತ್ತದೆ. ಲೆನ್ಸಿನ ಮೇಲೆ ಉಬ್ಬಾಗಿ ಕೂತ ಸಣ್ಣ ಅಕ್ಷರ, ಗುರುತುಗಳಿದ್ದರೆ ಅವುಗಳ ಮೇಲೆ ಉಜ್ಜದೆ ಸುತ್ತಲೂ ಹೋಗಿ.

ಉಜ್ಜುವುದು

ಪೇಪರಿನ ತುಂಡುಗಳನ್ನು ಒಂದೆರಡು ಹನಿ ಶಾಂಪೂ ಬಿಟ್ಟ ನೀರಲ್ಲಿ ಹದಿನೈದು ನಿಮಿಷ ನೆನೆಹಾಕಿ. ನೆನೆಯದ ಪೇಪರು ಬಿರುಸಾಗಿದ್ದು ಮಡಿಕೆಯ ಮೂಲೆಯಿಂದ ಗೀರುತ್ತದೆ.

ಪದರ ಸುಲಿಯುತ್ತಿದ್ದರೆ ಪಿ800ರಿಂದ, ಬರೀ ತೆಳು ಮಬ್ಬಿದ್ದರೆ ಪಿ1000ರಿಂದ ಶುರು. ಎಡಗೈಲಿ ನೀರು ಚಿಮ್ಮಿಸುತ್ತ, ಬಲಗೈಲಿ ಎಡದಿಂದ ಬಲಕ್ಕೆ ನೇರ ಗೆರೆಯಲ್ಲಿ ಉಜ್ಜಿ. ಗುಂಡಗೆ ತಿರುಗಿಸಬೇಡಿ. ಒತ್ತಡ ಹಗುರವಾಗಿರಲಿ, ಪೇಪರೇ ಕೆಲಸ ಮಾಡಲಿ.

ಈಗ ಕೆಳಗಿಳಿಯುವ ನೀರನ್ನು ಗಮನಿಸಿ. ಶುರುವಿನಲ್ಲಿ ಅರಿಶಿನ ಬಿದ್ದ ಮಜ್ಜಿಗೆಯ ಬಣ್ಣದ ಗಸಿ ಇಳಿಯುತ್ತದೆ. ಅದು ಸತ್ತ ಪದರ ಮತ್ತು ಹಳದಿಯಾದ ಪ್ಲಾಸ್ಟಿಕ್. ಉಜ್ಜುತ್ತ ಹೋದಂತೆ ಹಳದಿ ಕಡಿಮೆಯಾಗಿ ಕೊನೆಗೆ ಅಕ್ಕಚ್ಚಿನಂತೆ ಬರೀ ಬಿಳಿ ನೀರು ಬರುತ್ತದೆ. ಅಲ್ಲಿಗೆ ಪದರ ಹೋಯಿತು ಎಂದು ಅರ್ಥ, ಆದರೆ ಪೂರ್ತಿ ಹೋಯಿತೆಂದಲ್ಲ. ನೀರು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟು ಓರೆಯಾಗಿ ನೋಡಿ. ಹಳೆಯ ಪದರ ಇನ್ನೂ ಎಲ್ಲಾದರೂ ಉಳಿದಿದ್ದರೆ ಅಲ್ಲಿ ನಕಾಶೆಯಲ್ಲಿ ಕೆರೆಯಂಚು ಬರೆದಂಥ ಸೊಟ್ಟಗೆರೆ ಕಾಣುತ್ತದೆ. ಗೆರೆಯ ಒಂದು ಬದಿ ಸಮನಾದ ಬಿಳಿ ಮಂಜು, ಇನ್ನೊಂದು ಬದಿ ತುಸು ಹೊಳಪು. ಆ ಹೊಳಪಿರುವ ಭಾಗವೇ ಹಳೆಯ ಪದರ.

ಈ ಗೆರೆ ಇರುವಾಗಲೇ ಮುಂದಿನ ಪೇಪರಿಗೆ ಹೋಗುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ನುಣುಪು ಪೇಪರು ಅದನ್ನು ತೆಗೆಯಲಾರದು. ಪಾಲಿಶ್ ಆದ ಮೇಲೆ ಅದೇ ಗೆರೆ ಎದ್ದು ಕಾಣುತ್ತದೆ, ಹೊಸ ಲೇಪ ಅಲ್ಲಿಂದಲೇ ಸುಲಿಯಲು ಶುರುವಾಗುತ್ತದೆ. ಮೂಲೆ, ಅಂಚು, ಬಾನೆಟ್ ಕೆಳಗಿನ ಪಟ್ಟಿ, ಇವುಗಳಲ್ಲಿ ಪದರ ಗಟ್ಟಿಯಾಗಿ ಉಳಿದಿರುತ್ತದೆ. ಅಲ್ಲಿ ಸ್ಪಂಜು ಬಿಟ್ಟು ಪೇಪರನ್ನು ಮೂರು ಮಡಿಕೆ ಮಾಡಿ ಉಜ್ಜಿ. ಒಂದು ದೀಪಕ್ಕೆ ಮೊದಲ ಪೇಪರಿನಲ್ಲೇ ಹತ್ತು-ಹದಿನೈದು ನಿಮಿಷ ಹೋದರೆ ಬೇಸರ ಬೇಡ. ಲೆನ್ಸ್ ಪೂರ್ತಿ ಬೆಳ್ಳಗೆ ಕುರುಡಾಗಿ ಕಾಣುವಾಗ ‘ಹಾಳು ಮಾಡಿಬಿಟ್ಟೆ’ ಅನ್ನಿಸುವುದು ಸಹಜ. ಹಾಗೆ ಕಂಡರೇ ಸರಿ.

ಮುಂದಿನವು ಬೇಗ ಸಾಗುತ್ತವೆ. ಪ್ರತಿ ಪೇಪರ್ ಬದಲಿಸುವ ಮುನ್ನ ಲೆನ್ಸ್, ಸ್ಪಂಜು, ಕೈ ಮೂರನ್ನೂ ಎರಡನೆಯ ಬಕೆಟ್ಟಿನ ಶುದ್ಧ ನೀರಲ್ಲಿ ತೊಳೆಯಿರಿ. ಪಿ800 ಅಡ್ಡಡ್ಡ ಉಜ್ಜಿದ್ದರೆ ಪಿ1000 ಮೇಲಿನಿಂದ ಕೆಳಕ್ಕೆ ಉದ್ದುದ್ದ, ಪಿ1500 ಮತ್ತೆ ಅಡ್ಡ, ಪಿ2000 ಉದ್ದ. ಇದು ಬರೀ ಶಿಸ್ತಿಗಾಗಿ ಅಲ್ಲ. ದಿಕ್ಕು ಬದಲಾದರೆ ಹಿಂದಿನ ಪೇಪರಿನ ಗೀರು ಇನ್ನೂ ಉಳಿದಿದೆಯೇ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಮೊಬೈಲ್ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದು ನೋಡಿ: ಉದ್ದುದ್ದ ಉಜ್ಜುತ್ತಿರುವಾಗ ಒಂದೇ ಒಂದು ಅಡ್ಡಗೀರು ಕಂಡರೂ ಆ ಪೇಪರಿನ ಕೆಲಸ ಮುಗಿದಿಲ್ಲ. ಪ್ರತಿ ಪೇಪರಿಗೆ ದೀಪವೊಂದಕ್ಕೆ ಐದಾರು ನಿಮಿಷ. ಪಿ1000 ಬಿಟ್ಟು ನೇರ ಪಿ2000ಕ್ಕೆ ಜಿಗಿದರೆ ಉಳಿತಾಯವಾದ ಐದು ನಿಮಿಷಕ್ಕೆ ಇಪ್ಪತ್ತು ನಿಮಿಷ ದಂಡ ಕಟ್ಟಬೇಕಾಗುತ್ತದೆ.

ಪಿ3000 ಮುಗಿದಾಗ ಒಣ ಲೆನ್ಸ್ ಹಾಲುಬಿಳುಪು ಬಿಟ್ಟು ತೆಳು ಹೊಗೆ ಹಿಡಿದ ಗಾಜಿನಂತೆ ಕಾಣಬೇಕು, ಒಳಗಿನ ಬಲ್ಬಿನ ಆಕಾರ ಗೊತ್ತಾಗಬೇಕು.

ಪಾಲಿಶ್

2ಕೆ ಹೊಡೆಸುವವರು ಇದನ್ನು ಬಿಟ್ಟು ಮುಂದೆ ಹೋಗಿ. ಒರೆಸಿ ಹಚ್ಚುವ ಕೋಟಿಂಗಿನವರು ಅದರ ಚೀಟಿ ಓದಿ. ಕೆಲವು ಪಿ3000ದ ಮೇಲೆ ನೇರ ಹಚ್ಚಿ ಎನ್ನುತ್ತವೆ, ಕೆಲವು ಪಾಲಿಶ್ ಕೇಳುತ್ತವೆ.

ಕೈಯಲ್ಲಾದರೆ ಕಡಲೆಕಾಳು ಗಾತ್ರದ ನಾಲ್ಕು ಚುಕ್ಕೆ ಕಾಂಪೌಂಡ್ ಇಟ್ಟು ಮೈಕ್ರೋಫೈಬರಿನಲ್ಲಿ ದೀಪಕ್ಕೆ ಇಪ್ಪತ್ತು ನಿಮಿಷ. ರಟ್ಟೆ ನೋಯುತ್ತದೆ, ಬೇರೆ ಅಪಾಯವಿಲ್ಲ. ಡ್ರಿಲ್ಲಿಗೆ ಮೂರಿಂಚಿನ ಸ್ಪಂಜ್ ಪ್ಯಾಡ್ ಸಿಕ್ಕಿಸಿದರೆ ಐದು ನಿಮಿಷದ ಕೆಲಸ, ಆದರೆ ವೇಗ ನಿಮಿಷಕ್ಕೆ 1000ದಿಂದ 1500 ಸುತ್ತು ಮೀರದಿರಲಿ, ಪ್ಯಾಡ್ ಒಂದೇ ಕಡೆ ನಿಲ್ಲದಿರಲಿ. ಪ್ಲಾಸ್ಟಿಕ್ ಕಾವನ್ನು ಲೋಹದಂತೆ ಹರಡುವುದಿಲ್ಲ, ಒಂದೇ ಜಾಗದಲ್ಲಿ ಕೂಡಿಟ್ಟುಕೊಂಡು ಕಲೆಸಿದಂತಾಗುತ್ತದೆ. ಆಗಾಗ ಕೈಯ ಹಿಂಭಾಗ ಮುಟ್ಟಿಸಿ ನೋಡಿ. ಬಿಸಿ ಹತ್ತಿದರೆ ನಿಲ್ಲಿಸಿ, ಕಾಂಪೌಂಡ್ ಒಣಗಿದ್ದರೆ ನೀರು ಚಿಮ್ಮಿಸಿ.

ಲೇಪ ಹಚ್ಚುವುದು

ಟೇಪ್ ಬಿಚ್ಚಿ. ಹಳೆಯ ಟೇಪಿನ ಅಂಚಿನಲ್ಲಿ ಗಸಿ ಕೂತಿರುತ್ತದೆ, ಕೋಟಿಂಗ್ ಹಚ್ಚುವಾಗ ಅದು ಹರಿದು ಬಂದರೆ ಎಲ್ಲ ಕೆಡುತ್ತದೆ. ತೊಳೆದು, ಒರೆಸಿ, ಸಂದಿಗಳಲ್ಲಿ ನಿಂತ ನೀರನ್ನು ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಊದಿ, ಹೊಸ ಟೇಪ್ ಹಚ್ಚಿ. ಆಲ್ಕೊಹಾಲಿನಲ್ಲಿ ಎರಡು ಸಲ ಒರೆಸಿ, ಪ್ರತಿ ಸಲ ಬೇರೆ ಬಟ್ಟೆ. ಹತ್ತು ನಿಮಿಷ ಆರಲು ಬಿಡಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವಂತಿಲ್ಲ, ಒಂದು ಬೆರಳಚ್ಚು ಸಾಕು ಲೇಪ ಅಲ್ಲಿ ಹಿಡಿಯದಿರಲು.

ಒರೆಸುವ ಕೋಟಿಂಗ್ ದೀಪವೊಂದಕ್ಕೆ 2–3 ಮಿ.ಲೀ. ಸಾಕು. ನೂಲೇಳದ ಬಟ್ಟೆಗೆ ಹಾಕಿ, ಮೇಲಂಚಿನಿಂದ ಶುರುಮಾಡಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ಎಳೆಯಿರಿ; ಮುಂದಿನ ಪಟ್ಟಿ ಹಿಂದಿನದನ್ನು ಅರ್ಧ ಮುಚ್ಚುವಂತಿರಲಿ. ಗೋಡೆಗೆ ಸುಣ್ಣ ಹೊಡೆಯುವವರಂತೆ ಹಿಂದೆ-ಮುಂದೆ ಬೇಡ. ಎಲ್ಲೋ ಬಿಟ್ಟುಹೋಯಿತು ಎಂದು ಒಂದು ನಿಮಿಷದ ನಂತರ ತಿರುಗಿ ಮುಟ್ಟಿದರೆ ಅರೆ ಒಣಗಿದ ಪದರ ಎದ್ದು ಬಂದು ಅಲ್ಲಿ ಗಾಯದಂತೆ ಕಾಣುತ್ತದೆ. ಎರಡನೆಯ ಕೋಟಿನಲ್ಲಿ ಸರಿಮಾಡಿದರಾಯಿತು. ಎಷ್ಟು ಹೊತ್ತಿನ ನಂತರ ಎಂಬುದು ಬಾಟಲಿಯ ಮೇಲಿರುತ್ತದೆ. ಟೇಪನ್ನು ಲೇಪ ಪೂರ್ತಿ ಗಟ್ಟಿಯಾಗುವ ಮೊದಲೇ ಬಿಡಿಸಿ. 24 ಗಂಟೆ ನೀರು ತಾಕಬಾರದು, ಒಂದು ವಾರ ಶಾಂಪೂ ಬೇಡ.

ಪೇಂಟರಲ್ಲಿ 2ಕೆ ಹೊಡೆಸುವವರು ಒಂದು ಮಾತು ಹೇಳಿ: ಮೊದಲ ಕೋಟ್ ತೆಳುವಾಗಿ, ಮಂಜು ಬಿದ್ದಂತೆ. ಮೊದಲ ಸಲವೇ ತೋಯಿಸಿ ಹೊಡೆದರೆ ಥಿನ್ನರ್ ಬರಿ ಪ್ಲಾಸ್ಟಿಕ್ಕಿನಲ್ಲಿ ಇಳಿದು ಬಿರುಕು ತರಬಹುದು. ಹತ್ತು ನಿಮಿಷ ಬಿಟ್ಟು ಎರಡನೆಯದನ್ನು ತುಂಬಿ ಹೊಡೆಯಲಿ.

ಪಿಪಿಎಫ್ ಹಾಕುವುದಿದ್ದರೆ ಅರ್ಧ ಲೀಟರ್ ನೀರಿಗೆ ಮೂರು-ನಾಲ್ಕು ಹನಿ ಮಕ್ಕಳ ಶಾಂಪೂ ಬೆರೆಸಿ ಲೆನ್ಸಿಗೂ ಫಿಲ್ಮಿನ ಅಂಟಿಗೂ ಧಾರಾಳವಾಗಿ ಚಿಮ್ಮಿಸಿ, ಜಾರಿಸಿ ಕೂರಿಸಿ, ನಡುವಿನಿಂದ ಹೊರಕ್ಕೆ ರಬ್ಬರ್ ಪಟ್ಟಿಯಲ್ಲಿ ನೀರು ತಳ್ಳಿ. ಲೆನ್ಸಿನ ಮೇಲಿಟ್ಟೇ ಬ್ಲೇಡಿನಲ್ಲಿ ಕತ್ತರಿಸಿದರೆ ಅಷ್ಟು ಹೊತ್ತು ಉಜ್ಜಿ ತೆಗೆದ ಗೀರಿನ ಜಾಗಕ್ಕೆ ಹೊಸದೊಂದು ಬರುತ್ತದೆ. ಕಾಗದದಲ್ಲಿ ಅಚ್ಚು ತೆಗೆದು, ಅಂಚಿನಿಂದ ಒಂದೆರಡು ಮಿ.ಮೀ. ಒಳಗೆ ಬರುವಂತೆ ಮೊದಲೇ ಕತ್ತರಿಸಿಕೊಳ್ಳಿ.

ಎಡವಟ್ಟಾದಾಗ

ಲೇಪದಲ್ಲಿ ಸಣ್ಣ ಸಣ್ಣ ಗುಂಡನೆಯ ಕುಳಿಗಳು ಬಿದ್ದು ನಡುವೆ ಬರಿ ಪ್ಲಾಸ್ಟಿಕ್ ಕಂಡರೆ, ಅಲ್ಲಿ ಎಣ್ಣೆ ಅಥವಾ ಸಿಲಿಕೋನ್ ಉಳಿದಿತ್ತು. ಹೆಚ್ಚಾಗಿ ಡ್ಯಾಶ್‌ಬೋರ್ಡ್, ಟೈರ್ ಪಾಲಿಶ್ ಒರೆಸಿದ ಬಟ್ಟೆಯನ್ನೇ ಇಲ್ಲಿಗೂ ಬಳಸಿದ್ದರ ಫಲ. ಲೇಪ ಹಾಲಿನಂತೆ ಬೆಳ್ಳಗಾದರೆ ತೇವ ಸಿಕ್ಕಿಕೊಂಡಿದೆ. ಅಂಚಿನಿಂದ ಸಿಪ್ಪೆಯೇಳುತ್ತಿದ್ದರೆ ಹಳೆಯ ಪದರ ಉಳಿದಿತ್ತು. ಮೂರಕ್ಕೂ ಪರಿಹಾರ ಒಂದೇ: ಪೂರ್ತಿ ಗಟ್ಟಿಯಾಗಲು ಬಿಟ್ಟು, ಆ ಲೇಪವನ್ನೆಲ್ಲ ಪಿ1000ದಿಂದ ಉಜ್ಜಿ ತೆಗೆದು ಮತ್ತೆ ಹಚ್ಚುವುದು. ತೇಪೆ ಹಾಕಿದರೆ ತೇಪೆಯಾಗಿಯೇ ಕಾಣುತ್ತದೆ. ಲೆನ್ಸ್ ತೆಳುವಾಗಿಬಿಟ್ಟೀತೆಂಬ ಭಯ ಬೇಡ, ಒಂದು ಸಲಕ್ಕೆ ಸವೆಯುವುದು ಅದರ ದಪ್ಪದ ಅತ್ಯಲ್ಪ ಭಾಗ.

ಒಣಗಿದ ಮೇಲೆ ಜೇಡರ ಬಲೆಯಂಥ ಬಿರುಕು ಹೊಸದಾಗಿ ಕಂಡರೆ ಯಾವುದೋ ದ್ರಾವಕ ತಾಗಿದೆ. ಅದು ಮಾತ್ರ ಹಿಂದಿರುಗಿ ಬರದ ದಾರಿ.

ಟೂತ್‌ಪೇಸ್ಟ್, ಸೊಳ್ಳೆ ಸ್ಪ್ರೇ, ಹಬೆ

ಟೂತ್‌ಪೇಸ್ಟಿನಲ್ಲಿ ಉಜ್ಜಿದರೆ ಮಬ್ಬು ಹೋಗುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ; ಅದರಲ್ಲೂ ಸಣ್ಣ ತರಿ ಇದೆ, ತೆಳು ಮಬ್ಬನ್ನು ತುಸು ಕಡಿಮೆ ಮಾಡುತ್ತದೆ. ಆದರೆ ಸತ್ತ ಪದರ ತೆಗೆಯುವಷ್ಟು ಶಕ್ತಿಯಿಲ್ಲ, ಲೇಪವಂತೂ ಇಲ್ಲವೇ ಇಲ್ಲ. ತೆಂಗಿನೆಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವೆಲ್ಲ ನೀರಿನ ಪರೀಕ್ಷೆಯದೇ ಕಣ್ಕಟ್ಟು: ತರಿಗಳಲ್ಲಿ ತುಂಬಿಕೊಂಡು ಒಂದೆರಡು ದಿನ ತಿಳಿಯಾಗಿ ಕಾಣಿಸಿ, ದೂಳು ಅಂಟಿಸಿಕೊಂಡು ಮುಗಿಯುತ್ತವೆ.

ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಸ್ಪ್ರೇ ನಿಜಕ್ಕೂ ಅಪಾಯ. ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಮೆದುಮಾಡಿ ಹೊಳಪು ಬರಿಸುತ್ತದೆ. ವಿಡಿಯೊದಲ್ಲಿ ಚೆಂದ ಕಾಣುತ್ತದೆ, ನಂತರ ಅಂಟಂಟಾಗಿ ಮತ್ತೆ ಮಬ್ಬಾಗುತ್ತದೆ.

ಬಿಸಿ ಲೋಟದಿಂದ ಆವಿ ಹಾಯಿಸಿ ಕ್ಷಣದಲ್ಲಿ ಗಾಜಿನಂತೆ ಮಾಡುವ ವಿಧಾನ ಈಗ ಬಹಳ ಕಡೆ ನಡೆಯುತ್ತಿದೆ. ಅದು ನೀರಿನ ಹಬೆಯಲ್ಲ, ಡೈಕ್ಲೋರೊಮೀಥೇನಿನಂಥ ದ್ರಾವಕದ ಆವಿ. ತರಿಗಳನ್ನು ಕರಗಿಸಿ ಒಂದಾಗಿಸುತ್ತದೆ, ಅದಕ್ಕೇ ಅಷ್ಟು ಹೊಳಪು. ಬಿಸಿಲು ತಡೆಯುವ ಗುಣ ಅದಕ್ಕಿಲ್ಲ, ಪ್ಲಾಸ್ಟಿಕ್ಕಿನೊಳಗೆ ಬಿಗಿತ ಉಳಿದು ಮುಂದೆ ಬಿರುಕು ಬಿಡುತ್ತದೆ, ಆವಿ ಉಸಿರಿಗೆ ವಿಷ, ಕೆಂಪಗೆ ಕಾದ ಲೋಹಕ್ಕೋ ಬೆಂಕಿಗೋ ತಾಗಿದರೆ ಫಾಸ್ಜೀನ್‌ನಂಥ ಇನ್ನೂ ಕೆಟ್ಟ ಅನಿಲ ಹುಟ್ಟುತ್ತದೆ. ಮನೆಯಲ್ಲಿ ಬೇಡವೇ ಬೇಡ.

ಗೋಡೆಯ ಮುಂದೆ

ಮಬ್ಬಿದ್ದಾಗ ದೀಪದ ದಿಕ್ಕು ತಪ್ಪಿದ್ದರೂ ಗೊತ್ತಾಗುತ್ತಿರಲಿಲ್ಲ, ಈಗ ಅದು ಎದುರಿನವರ ಕಣ್ಣಿಗೆ ನೇರವಾಗಿ ಬಡಿದೀತು. ಸಂಜೆ ಸಮತಟ್ಟು ಜಾಗದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರಕ್ಕೆ ಕಾರು ನಿಲ್ಲಿಸಿ, ಟೈರಿನ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಡ್ಯಾಶ್‌ಬೋರ್ಡಿನಲ್ಲಿ ದೀಪದ ಎತ್ತರ ತಿರುಗಿಸುವ ಚಕ್ರವಿದ್ದರೆ ಅದನ್ನು 0ಗೆ ಇಡಿ. ನೆಲದಿಂದ ಲೆನ್ಸಿನ ನಡುವಿಗೆ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಟೇಪ್ ಹಚ್ಚಿ ಡಿಮ್ ಹಾಕಿ. ಬೆಳಕಿನ ಮೇಲಂಚು ಆ ಟೇಪಿನಿಂದ ಏಳೆಂಟು ಸೆಂ.ಮೀ. ಕೆಳಗಿರಬೇಕು, ಎಡಕ್ಕೆ ಮಾತ್ರ ಸ್ವಲ್ಪ ಮೇಲೇರಬೇಕು. ಹೆಚ್ಚು-ಕಡಿಮೆಯಿದ್ದರೆ ದೀಪದ ಹಿಂದಿನ ಹಲ್ಲುಚಕ್ರದ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸಿ, ಪ್ರತಿ ಸಲ ಗೋಡೆ ನೋಡಿ. ಬಲಗಡೆ ಏರಿದ್ದರೆ ಹಿಂದಿನ ಬಲ್ಬ್ ಬದಲಾವಣೆಯಲ್ಲಿ ಅದು ಸೊಟ್ಟಗೆ ಕೂತಿರುವ ಸಾಧ್ಯತೆ ಹೆಚ್ಚು. ಮುಚ್ಚಳ ತೆಗೆದು ಬಲ್ಬಿನ ಮೂರು ಕಿವಿಗಳು ತಮ್ಮ ತಮ್ಮ ಕಚ್ಚುಗಳಲ್ಲೇ ಕೂತಿವೆಯೇ ನೋಡಿ, ತಂತಿಯ ಕ್ಲಿಪ್ ಮತ್ತೆ ಸಿಕ್ಕಿಸಿ.